ಬೂಟಿನ ಗಂಟು

ಮಾನ್ಯ ಅಧ್ಯಕ್ಷರೇ, ಠಾಣೆ ಪಟ್ಟಣದಿಂದ ಲೋಕಲ್ ರೈಲು ಹಿಡಿದು ಬಂದಿರುವ ವಕೀಲರಾದ ಪುಂಡರೀಕಾಕ್ಷ ಅವರೇ, ಕಾಮೋಠೆಯ ಸುಬೇದಾರ್ ಸೈದಪ್ಪ ಅಣ್ಣನವರೇ, ಕೋಪರಖೈರಣೆಯ ನಮ್ಮ ಕನ್ನಡ ಸಂಘದ ಹಿರಿಯರೇ, ಅಡುಗೆ ಬಿಟ್ಟು ನನ್ನ ಮಾತು ಕೇಳಲು ಬಾಗಿಲಿಗೆ ಬಂದು ನಿಂತಿರುವ ಅಕ್ಕಂದಿರೇ, ಸಭಿಕರೇ.

ನನಗೆ ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ವಾರ್ಷಿಕೋತ್ಸವ ಎಂದರೆ ನನ್ನ ಜಾಗ ಈ ಗೋಡೆಯ ಆಚೆ, ಒಗ್ಗರಣೆ ಹಾಕುವ ಕಡೆ. ನಾನು ಶಾಲೆಗೆ ಹೋದದ್ದು ಐದನೆಯ ತರಗತಿಯವರೆಗೆ ಮಾತ್ರ. ಸನ್ಮಾನ ನನ್ನ ಗಂಡನಿಗೆ, ಮಾತನಾಡಬೇಕಾದವರೂ ಅವರೇ. ಆದರೆ ಹವಾಲ್ದಾರ್ ಬೂಬ ಅವರ ಕೈಗೆ ಮೈಕ್ ಕೊಟ್ಟರೆ ಏನಾಗುತ್ತದೆ ಎಂದು ನಿಮಗೆಲ್ಲ ಗೊತ್ತಿದೆ. "ಎಲ್ಲ ಸರಿ ಉಂಟು, ಜೈ ಹಿಂದ್" ಎಂದು ಹೇಳಿ ಇಳಿದುಬಿಡುತ್ತಾರೆ. ಆ "ಎಲ್ಲ ಸರಿ ಉಂಟು" ಎಂಬ ಮಾತಿನ ಜೊತೆ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಮೊದಲು ಕ್ಷಮೆ ಕೇಳಬೇಕು. ಈಗ ದೀಪ ಬೆಳಗಿಸುವಾಗ ತಡವಾಯಿತು. ಅತಿಥಿಗಳೆಲ್ಲ ಚಪ್ಪಲಿ ಕಳಚಿ ದೀಪದ ಹತ್ತಿರ ಹೋದರು, ನಮ್ಮವರೊಬ್ಬರು ಬೂಟು ಹಾಕಿಕೊಂಡೇ ಮೆಟ್ಟಿಲ ಬಳಿ ನಿಂತರು. ಕೆಲವರು ಗಡಿಯಾರ ನೋಡಿದಿರಿ. ಯಾಕೆ ನಿಂತರು ಎಂದು ಹೇಳಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮವರು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು. ಹಿಮ ಬೀಳುವ ಗುಡ್ಡದ ದಾರಿ. ಒಂದು ಚಳಿಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತುವಾಗ ಜಾರಿ, ಸರಪಳಿಯ ಸಮೇತ ಹಿಂದಕ್ಕೆ ಬಿದ್ದರು. ಸಾಹೇಬರು ಓಡಿ ಬಂದು ಕೇಳಿದ್ದಕ್ಕೆ "ಠೀಕ್ ಹೈ ಸಾಬ್" ಎಂದರಂತೆ. ಎದ್ದು ಮತ್ತೆ ಲಾರಿ ಹತ್ತಿದರು. ಆಮೇಲೆ ಆ ಬೆನ್ನು ಯಾವತ್ತೂ ಠೀಕ್ ಆಗಲಿಲ್ಲ. ಸೊಂಟದಿಂದ ಎಡಗಾಲಿನ ಬೆರಳಿನವರೆಗೆ ಕಾದ ತಂತಿ ಎಳೆದ ಹಾಗಾಗುತ್ತದೆ ಎನ್ನುತ್ತಾರೆ. ಎನ್ನುತ್ತಾರೆ ಎಂದದ್ದು ನನ್ನ ತಪ್ಪು. ಅವರು ಎನ್ನುವುದಿಲ್ಲ, ಫ್ಯಾನಿನ ಗಾಳಿಗೆ ಹೊದಿಕೆ ಕಾಲಿಗೆ ತಾಗಿದಾಗ ಅವರ ಮುಖ ನೋಡಿ ನಾನು ತಿಳಿದುಕೊಳ್ಳುತ್ತೇನೆ.

ಎರಡು ಸಾವಿರದ ಆರರಲ್ಲಿ ಅವರು ನಿವೃತ್ತರಾಗಿ ಇಲ್ಲಿಗೆ ಬಂದರು. ಒಂದು ಹೌಸಿಂಗ್ ಸೊಸೈಟಿಯಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಬೆನ್ನಿನ ಅಂಗವೈಕಲ್ಯದ ಪಿಂಚಣಿಗೆ ಬರೆದಾಗ ಉತ್ತರ ಬಂತು: ಈ ಕಾಯಿಲೆಗೂ ಸೈನ್ಯದ ಸೇವೆಗೂ ಸಂಬಂಧವಿಲ್ಲ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಕೇಳಿದರು, "ಹಾಗಾದ್ರೆ ನಾನು ಅಲ್ಲಿ ಬಿದ್ದೇ ಇಲ್ವಾ?"

ಆ ಪ್ರಶ್ನೆಗೆ ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?

ಅವರಿಗೆ ಬಗ್ಗಲಾಗುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಡ್ಯೂಟಿಯ ಬೂಟಿನ ಲೇಸು ಕಟ್ಟುವವಳು ನಾನು. ಲೇಸಿಲ್ಲದ ಬೂಟು ತೆಗೆದುಕೊಳ್ಳಿ ಎಂದು ಮಗ ಜಯೇಶ್ ಎಷ್ಟೋ ಸಲ ಹೇಳಿದ್ದಾನೆ, "ಪಪ್ಪಾ, ಬಿನಾ ಲೇಸ್‌ವಾಲಾ ಲೇ ಲೋ ನಾ." ಇವರದ್ದು ಒಂದೇ ಉತ್ತರ, "ಹೌದಾ, ನಾಳೆ ಲುಂಗಿ ಉಟ್ಟು ಗೇಟಿನಲ್ಲಿ ನಿಲ್ತೇನೆ, ಆಗಬಹುದಾ?"

ಅಪೀಲು ಹಾಕಿದೆವು. ಸೈನ್ಯದ ಆಸ್ಪತ್ರೆಗೆ ಪರೀಕ್ಷೆಗೆ ಕರೆದರು. ಡಾಕ್ಟರರ ಮುಂದೆ ಇವರಿಗೆ ಕಷ್ಟವಾಗಬಾರದು ಎಂದು ನಾನು ಹೊರಗಿನ ಬೆಂಚಿನಲ್ಲೇ ಲೇಸು ಸಡಿಲ ಮಾಡಿ ಕಳಿಸಿದೆ. ಒಳಗೆ ಕಾಲು ಜಾರಿಸಿ ಬೂಟು ಬಿಟ್ಟರು. ಬಗ್ಗಿ ತೋರಿಸಿ ಎಂದಾಗ, ಆಫೀಸರ್ ಹೇಳಿದ ಮೇಲೆ ಮುಗಿಯಿತಲ್ಲ, ನೋವು ನುಂಗಿ ಕಾಲಿನ ಬೆರಳು ಮುಟ್ಟುವವರೆಗೆ ಬಗ್ಗಿದರಂತೆ. ಹೊರಗೆ ಬಂದಾಗ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮನೆಗೆ ತಂದೆ. ಒಳಗೆ ಏನು ಹೇಳಿದಿರಿ ಎಂದು ಕೇಳಿದರೆ, "ಎಲ್ಲ ಸರಿ ಉಂಟು ಅಂದೆ."

ಆ ಅಪೀಲು ಬಿದ್ದುಹೋಯಿತು. ಎರಡನೆಯದೂ ಹೋಯಿತು.

ಆಗ ನಮ್ಮ ಮನೆಗೆ ಬಂದವರು ಸೈದಪ್ಪ ಅಣ್ಣ. ಮಾಜಿ ಸೈನಿಕರ ಸಭೆಯಲ್ಲಿ ಪರಿಚಯವಾಗಿತ್ತು. ಬೆಳಿಗ್ಗೆ ಬಂದಿದ್ದರು, ನಾನು ನೆಲದಲ್ಲಿ ಕೂತು ಲೇಸು ಕಟ್ಟುತ್ತಿದ್ದೆ. ಅವರು ಚಹಾದ ಲೋಟ ಕೆಳಗಿಟ್ಟು ಕೇಳಿದರು, "ಇದನ್ನ ಡಾಕ್ಟ್ರಿಗೆ ಹೇಳೀರೇನ್ರಿ ಬೂಬಪ್ಪ?" ಇವರು ಗೋಡೆ ನೋಡಿದರು. ಅದೇ ವಾರ ಅವರು ನಮ್ಮನ್ನು ಠಾಣೆ ಪಟ್ಟಣಕ್ಕೆ, ಪುಂಡರೀಕಾಕ್ಷ ವಕೀಲರ ಬಳಿಗೆ ಕರೆದುಕೊಂಡು ಹೋದರು. ವಕೀಲರ ಉಪಕಾರ ನಾನು ಹೇಗೆ ಹೇಳಲಿ? ನಾವು ಫೀಸಿನ ಮಾತು ಎತ್ತಿದಾಗಲೆಲ್ಲ ಅವರು ನೀರುದೋಸೆಯ ಮಾತು ಎತ್ತುತ್ತಿದ್ದರು. ಸೈನಿಕರ ನ್ಯಾಯಮಂಡಳಿಯಲ್ಲಿ ನಮ್ಮ ಪರವಾಗಿ ವಾದಿಸಿದರು. ಮತ್ತೊಮ್ಮೆ ಪರೀಕ್ಷೆ ಮಾಡಬೇಕೆಂದು ಆದೇಶ ಬಂತು.

ಪರೀಕ್ಷೆಯ ಹಿಂದಿನ ಸಂಜೆ ಸೈದಪ್ಪ ಅಣ್ಣ ನನಗೆ ಹೇಳಿದರು, "ತಂಗೆವ್ವ, ನಾಳೆ ಲೇಸ್ ಸಡ್ಲ ಮಾಡಬ್ಯಾಡ. ಗಟ್ಟಿ ಕಟ್ಟು. ಡಾಕ್ಟ್ರು ನೋಡಬೇಕಾದ್ದನ್ನ ನೀನ ಹೊರಗ ಮುಚ್ಚಿಟ್ರ ಅವರಿಗೆ ಹ್ಯಾಂಗ ಗೊತ್ತಾಗಬೇಕು?"

ನಮ್ಮವರಿಗೆ ಸಿಟ್ಟು ಬಂತು. "ನಾಟಕ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ ಸುಬೇದಾರರೇ."

"ನಾಟಕ ಈಗ ಮಾಡಾಕತ್ತೀರಿ," ಎಂದರು ಅಣ್ಣ. "ನಾಳೆ ಒಂದಿನ ನಿಲ್ಲಸ್ರಿ."

ಮರುದಿನ ಬೆಳಿಗ್ಗೆ ನಾನು ಲೇಸು ಹಿಡಿದು ಏನು ಮಾಡಲಿ ಎಂದು ಕೂತಿದ್ದೆ. ಹೇಳಿದ್ದು ಅಣ್ಣನವರಾದರೂ ಕಾಲು ಇವರದ್ದಲ್ಲವೇ? ಆಗ ಇವರೇ ಕಾಲನ್ನು ಸ್ವಲ್ಪ ಮುಂದಕ್ಕೆ ಚಾಚಿ ಹೇಳಿದರು, "ಗಟ್ಟಿ ಕಟ್ಟು."

ಎರಡು ಗಂಟು ಹಾಕಿದೆ.

ಆಸ್ಪತ್ರೆಯ ಬೆಂಚಿನಲ್ಲಿ ನಾನು ಸುಮ್ಮನೆ ಕೂತಿದ್ದೆ. ಬಾಗಿಲು ತೆರೆದು ಒಬ್ಬ ಜವಾನ ಕೇಳಿದ, "ಹವಾಲ್ದಾರ್ ಬೂಬ ಕೀ ಘರ್‌ವಾಲಿ?" ಒಳಗೆ ಹೋದೆ. ಇವರು ಸಾವಧಾನ್ ನಿಂತಿದ್ದರು, ಬೂಟು ಕಾಲಿನಲ್ಲೇ ಇತ್ತು. ಅಲ್ಲಿದ್ದ ಡಾಕ್ಟರು ಒಬ್ಬ ಹೆಂಗಸು, ಆಫೀಸರ್. ಅವರು ನನಗೆ ಹೇಳಿದರು, "ಆಪ್ ಕೇ ಪತಿ ಬೋಲ್ ರಹೇ ಹೈಂ, ಜೂತಾ ಆಪ್ ಖೋಲ್ತೀ ಹೈಂ." ಬೂಟು ಬಿಚ್ಚುವವಳು ಹೆಂಡತಿ ಎಂದು ಇವರೇ ಹೇಳಿದ್ದರಂತೆ. ಇಷ್ಟು ವರ್ಷದಲ್ಲಿ ಇವರು ಇನ್ನೊಬ್ಬರ ಮುಂದೆ ನನ್ನಿಂದಾಗುವುದಿಲ್ಲ ಎಂದು ಹೇಳಿದ್ದು ಅದೇ ಮೊದಲು. ನಾನು ನೆಲದಲ್ಲಿ ಕೂತು ಗಂಟು ಬಿಚ್ಚಿದೆ. ಎರಡು ಗಂಟು ಇದ್ದದ್ದರಿಂದ ತಡವಾಯಿತು. ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಅವರು ಇವರನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಪಾದಕ್ಕೆ ಪಿನ್ನಿನಿಂದ ಚುಚ್ಚಿ ಚುಚ್ಚಿ ಕೇಳಿದರು. ಎಡಪಾದದ ಹೊರ ಅಂಚಿನಲ್ಲಿ ಚುಚ್ಚಿದ್ದು ಇವರಿಗೆ ಗೊತ್ತೇ ಆಗಲಿಲ್ಲ. ದಿನಾ ಆ ಪಾದ ಹಿಡಿಯುವ ನನಗೂ ಅದು ಗೊತ್ತಿರಲಿಲ್ಲ. ಉರಿಯುವ ಕಾಲು ಎಂದಷ್ಟೇ ತಿಳಿದಿದ್ದೆ. ಒಂದು ಕಡೆ ಸತ್ತೇ ಹೋಗಿದೆ ಎಂದು ಇವರು ನನಗೂ ಹೇಳಿರಲಿಲ್ಲ.

ಇರಲಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು.

ಈ ವರ್ಷ ಆದೇಶ ಬಂತು. ವಕೀಲರು ಫೋನಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು: ಈ ಗಾಯ ಸೇವೆಯಲ್ಲಿ ಆದದ್ದು. ಪಿಂಚಣಿಯ ಭಾಗ ಅವರು ಓದುತ್ತಲೇ ಇದ್ದರು, ಇವರು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. "ಬಿದ್ದದ್ದು ಹೌದಂತೆ," ಎಂದರು. ಅಷ್ಟೇ. ಕಿಟಕಿಯ ಹತ್ತಿರ ಹೋಗಿ ನಿಂತರು.

ಸಭಿಕರೇ, ಹೋದ ವರ್ಷವೂ ಅದರ ಹಿಂದಿನ ವರ್ಷವೂ ನೀವು ಇವರನ್ನು ದೀಪ ಬೆಳಗಿಸಲು ಕರೆದಿರಿ. ಇವರು ದೀಪದ ಹತ್ತಿರ ಬರಲಿಲ್ಲ. ಊಟಕ್ಕೆ ನೆಲದ ಪಂಕ್ತಿಯಲ್ಲಿ ಕೂರಲಿಲ್ಲ. ಮಿಲಿಟರಿ ಗರ್ವ ಎಂದು ಅಡುಗೆಮನೆಯವರೆಗೂ ಮಾತು ಬಂತು. ನಾನು ಪಲ್ಯ ಕಲಕುತ್ತಾ ಕೇಳಿಸಿಕೊಂಡೆ. ನಿಮ್ಮ ಮೇಲೆ ಬೇಸರವಿಲ್ಲ. ನಿಮಗೆ ಹೇಗೆ ಗೊತ್ತಾಗಬೇಕು, ಮುಚ್ಚಿಟ್ಟವರು ನಾವೇ.

ಇವತ್ತು ಆ ಮೆಟ್ಟಿಲ ಬಳಿ ನಿಂತು ಇವರು ಇಡೀ ಸಭೆಗೆ ಕೇಳುವ ಹಾಗೆ ತುಳುವಿನಲ್ಲಿ ಕರೆದರು, "ವಿನೋದಾ, ಒಂತೆ ಬಲ." ಸ್ವಲ್ಪ ಬಾ ಎಂದು. ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ನಿಮ್ಮ ಮುಂದೆ ಲೇಸು ಬಿಚ್ಚಿದೆ. ಇವರು ದೀಪ ಹಚ್ಚಿದರು. ತಡವಾದದ್ದು ಅದಕ್ಕೆ.

ಸೈದಪ್ಪ ಅಣ್ಣನವರಿಗೆ, ವಕೀಲರಿಗೆ, ಹೆಸರು ಕೇಳಲು ಮರೆತ ಆ ಡಾಕ್ಟರಮ್ಮನಿಗೆ, ಕಾದು ಕೂತ ನಿಮಗೆಲ್ಲ ನಾನು ಋಣಿ. ಊಟ ಬಿಸಿಯಾಗಿದೆ, ದಯವಿಟ್ಟು ಏಳಿ. ಇವರು ನಿಂತೇ ಉಣ್ಣುತ್ತಾರೆ, ಕೂರಿ ಎಂದು ಒತ್ತಾಯ ಮಾಡಬೇಡಿ. ಬೂಟು ಮೆಟ್ಟಿಲ ಹತ್ತಿರ ಇದೆ, ಯಾರೂ ತೆಗೆದಿಡಬೇಡಿ. ಹೊರಡುವಾಗ ನಾನೇ ಕಟ್ಟುತ್ತೇನೆ. ಒಂದೇ ಗಂಟು ಸಾಕು, ಇನ್ನು ಗಟ್ಟಿ ಕಟ್ಟಬೇಕಾಗಿಲ್ಲ.

ನಮಸ್ಕಾರ.