ಪಾದ್ರಿಗಳು ಆಡಿದ ಖರೆ

ಎಪ್ಪತ್ತೊಂಬತ್ತರ ಡಿಸೆಂಬರ್. ಕುಳಗೇರಿ ಕ್ರಾಸಿನಲ್ಲಿ ನಾನು ಬಾದಾಮಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ವಯಸ್ಸಾದ ಪಾದ್ರಿ ಟ್ರಂಕಿನೊಂದಿಗೆ ಕುಳಿತಿದ್ದರು. ಅವರನ್ನು ಕಳಿಸಲು ಚರ್ಚಿನ ಸಭೆಯ ಹೆಂಗಸೊಬ್ಬಳು ಬಂದಿದ್ದಳು.

"ಅಯ್ಯನವರ, ಹೆಂಡ್ತಿ ಸತ್ತಮ್ಯಾಲೆ ನನಗ ಪ್ರಾರ್ಥನಿ ಬರವಲ್ದು ಅಂತ ಚರ್ಚಿನ್ಯಾಗ ಯಾಕ ಹೇಳಿದ್ರಿ?"

"ಖರೆ ಹೇಳ್ರಿ ಅಂತ ಇಷ್ಟ ವರ್ಷ ನಿಮಗ ಹೇಳೇನಲ್ಲ, ರಾಹೇಲವ್ವ."

"ಅದಕ್ಕ ಹಿರ್ಯಾರು ನಿಮ್ಮನ್ನ ಬ್ಯಾರೆ ಊರಿಗಿ ಕಳಸಾಕತ್ತಾರ."

"ಕಳಸಲಿ. ಆದ್ರ ಆವತ್ತಿನಿಂದ ನನ್ನ ಮನಿಗಿ ಯಾರೂ ಬರಲಿಲ್ಲ."

"ನಾ ಬಾಗಲತನಕ ಬಂದಿದ್ದೆರಿ. ಏನ್ ಮಾತಾಡ್ಬೇಕು ತಿಳೀಲಿಲ್ಲ, ಹೊಳ್ಳಿ ಹೋದೆ."

"ಸುಮ್ನ ಕುಂತಿದ್ರೂ ಸಾಕಾಗ್ತಿತ್ತವ್ವ."

ಬಾಗಲಕೋಟೆ ಬಸ್ಸು ಬಂತು. ಆಕೆಯೇ ಟ್ರಂಕು ಎತ್ತಿಕೊಂಡಳು.

"ಕೆರೂರತನಕ ನಿಮ್ಮ ಜೋಡಿ ಬರ್ತೇನ್ರಿ."

ಪಾದ್ರಿಗಳು ಬಸ್ಸು ಹತ್ತಿದರು. ಒಳಗೆ ಕಿಟಕಿಗೆ ಸರಿದು ಆಕೆಗೆ ಜಾಗ ಬಿಟ್ಟದ್ದು ಕೆಳಗಿನಿಂದ ಕಂಡಿತು.