ಅರ್ಧಕ್ಕೆ ವೈರು ಕಿತ್ತ ಸಾಹುಕಾರ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಐಸ್ ಫ್ಯಾಕ್ಟರಿ ಇಟ್ಟಿದ್ದ. ಬಿಸಿಲಿನ ಸೀಮೆ ಅದು. ಬೇಸಿಗೆ ಬಂತು ಅಂದರೆ ಮದುವೆ ಮನೆಯವರು, ಮೀನಿನ ಅಂಗಡಿಯವರು, ಕಬ್ಬಿನ ಹಾಲಿನ ಗಾಡಿಯವರು ಎಲ್ಲರೂ ಅವನ ಬಾಗಿಲಿಗೇ ಬರಬೇಕು. ಕೆಟ್ಟವನಲ್ಲ ಮತ್ತೆ. ದಾಸೋಹಕ್ಕೆ ಅಕ್ಕಿ ಕೊಡ್ತಿದ್ದ, ಯಾರ ಮೇಲೂ ಕೈ ಎತ್ತಿದವನಲ್ಲ. ಆದರೆ ಒಂದು ಚಟ ಇತ್ತು. ಕುಡಿಯೋದಲ್ಲ, ಇಸ್ಪೀಟಲ್ಲ. ಎದುರಿನವರ ಮಾತು ಮುಗಿಯೋಕೆ ಬಿಡ್ತಿರಲಿಲ್ಲ.

ಫೋನಿನಲ್ಲಿ ತನ್ನ ಮಾತು ಮುಗೀತಾ, ಟಕ್ ಅಂತ ಕಟ್. ಹೂಂ ಅನ್ನೋದಿಲ್ಲ, ಊಹೂಂ ಅನ್ನೋದಿಲ್ಲ. ಪಾಪ, ಕೆಲಸದವರು ಏನು ಮಾಡಬೇಕು ಹೇಳಿ? ಅವರೇ ಒಂದು ಕಾನೂನು ಮಾಡಿಕೊಂಡರು. ಸಾಹುಕಾರರು ಸುಮ್ಮನಾದರೆ ಒಪ್ಪಿದರು ಅಂತ ಅರ್ಥ. ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡವರೇ ಹೇಳಿಲ್ಲವಾ? ಈ ಕಾನೂನು ನೆನಪಿಡಿ. ಮುಂದೆ ಇದೇ ಕುತ್ತಿಗೆಗೆ ಬರುತ್ತೆ.

ಈ ಫ್ಯಾಕ್ಟರಿಯ ಪಂಪಿನ ಮನೆಯಲ್ಲಿ ಒಂದು ಡಬ್ಬಿ ಇತ್ತು. ಬುತ್ತಿ ಡಬ್ಬಿಯಷ್ಟೇ ದೊಡ್ಡದು. ಅದರೊಳಗೆ ಒಂದು ಪುಟ್ಟ ಕಂಪ್ಯೂಟರು, ಅದರೊಳಗೆ ಒಂದು ವೆಬ್ ಸರ್ವರ್. ಮಠದ ಸ್ವಾಮಿಗೆ ಇದೆಲ್ಲ ಹೆಂಗ ಗೊತ್ತು ಅಂತ ಹಿಂದಿನ ಸಾಲಿನವರು ನಗ್ತಾ ಇದ್ದೀರಿ. ಸ್ವಾಮಿಗೂ ಮೊಬೈಲ್ ಇದೆ, ಸುಮ್ಮನೆ ಕೇಳಿ. ಫೋನಿನಲ್ಲಿ ಒಂದು ಪುಟ ತೆರೆದು 'ನೀರು ಬಂದ್' ಅಂತ ಒತ್ತಿದರೆ, ಆ ಡಬ್ಬಿ ಪೈಪಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸುತ್ತೆ. ನಿಲ್ಲಿಸಿ, ಒತ್ತಿದವನಿಗೆ 'ಆಯ್ತು' ಅಂತ ಉತ್ತರ ಕೊಡುತ್ತೆ. ಒಂದೇ ಹೊತ್ತಿಗೆ ನಾಲ್ಕಾರು ಜನ ಕೇಳಿದರೂ ಎಲ್ಲರಿಗೂ ಉತ್ತರ ಕೊಡುತ್ತೆ. ನಮ್ಮ ಸಾಹುಕಾರನಿಗಿಂತ ಅದೇ ವಾಸಿ.

ಡಬ್ಬಿ ಕೂಡಿಸಿದ ಇಂಜಿನಿಯರು ಹೋಗುವಾಗ ಒಂದು ಮಾತು ಹೇಳಿ ಹೋಗಿದ್ದ. "ಇದನ್ನ ಆರಿಸಬೇಕಾದರೆ ವೈರು ಕೀಳಬೇಡಿ ಸರ್. ಪುಟದಲ್ಲೇ 'ನಿಲ್ಲಿಸು' ಅಂತ ಇದೆ, ಅದನ್ನ ಒತ್ತಿ. ಆಮೇಲೆ ಅದು ಹೊಸಬರನ್ನ ಒಳಗೆ ಬಿಟ್ಟುಕೊಳ್ಳೋದಿಲ್ಲ. ಮಾತಿನ ಮಧ್ಯೆ ಇರೋರಿಗೆ ಉತ್ತರ ಕೊಟ್ಟು ಮುಗಿಸಿ, ತಾನೇ ಆರುತ್ತೆ. ಯಾರಾದರೂ ಮಾತು ಶುರು ಮಾಡಿ ಎದ್ದು ಹೋಗಿದ್ದರೆ ಅವರಿಗೋಸ್ಕರ ಕೊನೆ ತನಕ ಕಾಯೋದಿಲ್ಲ, ಸ್ವಲ್ಪ ನೋಡಿ 'ನಾನು ಮುಚ್ಚುತ್ತಿದ್ದೇನೆ' ಅಂತ ತಿಳಿಸಿ ಮುಚ್ಚುತ್ತೆ. ಒಂದು ಕಪ್ ಚಹಾ ಕುಡಿಯೋಷ್ಟು ಹೊತ್ತು, ಅಷ್ಟೇ."

ಇದು ನಮಗೇನು ಹೊಸದಾ? ನಮ್ಮ ದಾಸೋಹದ ಪಂಕ್ತಿ ನೋಡಿ. ಅನ್ನ ಮುಗೀತಾ ಬಂತು ಅಂದರೆ ಬಾಗಿಲು ಮುಂದೆ ಮಾಡ್ತಾರೆ. ಹೊಸಬರಿಗೆ ಸ್ವಲ್ಪ ತಡೀರಿ ಅಂತಾರೆ. ಆದರೆ ಕೂತವರ ಎಲೆ ಎತ್ತುತ್ತಾರಾ? ಕೂತ ಮುದುಕಿ ಮಜ್ಜಿಗೆ ಅನ್ನ ಉಂಡು ಕೈ ತೊಳೆಯೋ ತನಕ ಒಲೆ ಮುಂದಿನವರೂ ಕಾಯ್ತಾರೆ. ಇಂಜಿನಿಯರು ಹೇಳಿದ್ದೂ ಇಷ್ಟೇ. ಸಾಹುಕಾರ ಏನು ಮಾಡಿದ? ಪೂರ್ತಿ ಕೇಳಲೇ ಇಲ್ಲ. "ಗೊತ್ತಾತು ಹೋಗಪಾ" ಅಂದ.

ಒಂದು ದಿನ ಮಗಳನ್ನು ಕೇಳಿಕೊಂಡು ಬೀಗರಾಗುವವರು ಬಂದರು. ಸಾಹುಕಾರ ಅವರನ್ನು ಪಂಪಿನ ಮನೆಗೆ ಕರಕೊಂಡು ಹೋದ, ಡಬ್ಬಿ ತೋರಿಸೋಕೆ. ಅದೇ ಹೊತ್ತಿಗೆ ಫ್ಯಾಕ್ಟರಿ ಹಿಂದುಗಡೆ ಇಬ್ಬರು ನೆಲದೊಳಗಿನ ನೀರಿನ ಟಾಕಿ ತೊಳೆಯೋಕೆ ನಿಂತಿದ್ದರು. ಒಬ್ಬ ಮಾವ, ಇನ್ನೊಬ್ಬ ಅವನ ಮಗಳ ಗಂಡ. ಟಾಕಿ ಖಾಲಿ ಮಾಡಿದ್ದರು. ಅಳಿಯನ ಸೊಂಟಕ್ಕೆ ಹಗ್ಗ ಕಟ್ಟಿ, ಮಾವ ಫೋನಿನಲ್ಲಿ 'ನೀರು ಬಂದ್' ಒತ್ತಿದ. ಟಾಕಿಗೆ ನೀರು ಬಿಡೋ ವಾಲ್ವ್ ತಿರುಗೋಕೆ ಶುರುವಾಯ್ತು. ಫೋನಿನ ಮೇಲೆ ಚಕ್ರ ಸುತ್ತುತ್ತಾ ಇತ್ತು, ಉತ್ತರ ಇನ್ನೂ ಬಂದಿರಲಿಲ್ಲ.

ಇಲ್ಲಿ ಸಾಹುಕಾರನ ಫೋನಿನಲ್ಲಿ ಪುಟ ನಿಧಾನ ಆಯ್ತು. ಬೀಗರ ಮುಂದೆ ಮರ್ಯಾದೆ ಪ್ರಶ್ನೆ ನೋಡಿ! "ಇದಕ್ಕ ಔಷಧ ನನಗ ಗೊತ್ತೈತಿ" ಅಂದವನೇ ವೈರು ಕಿತ್ತ.

ವಾಲ್ವ್ ಅರ್ಧಕ್ಕೆ ನಿಂತಿತು. ಪೂರ್ತಿ ಮುಚ್ಚಲಿಲ್ಲ, ಪೂರ್ತಿ ತೆರೆದೂ ಇರಲಿಲ್ಲ. ಹಿಂದುಗಡೆ ಮಾವನ ಫೋನಿನ ಪುಟ ಬೆಳ್ಳಗಾಯ್ತು. ಆಯ್ತು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಅಳಿಯ ಕೇಳಿದ, "ಇಳೀಲೇನ್ ಮಾವ?"

ಮಾವ ಫೋನು ನೋಡಿದ. ಇಷ್ಟು ವರ್ಷದ ಕಾನೂನು ತಲೆಯಲ್ಲಿತ್ತಲ್ಲ! "ಸಾವುಕಾರ್ರ ಡಬ್ಬಿ ಸಾವುಕಾರ್ರ ಹಂಗ ಐತಿ. ಸುಮ್ಮಗಾತು ಅಂದ್ರ ಆತು ಅಂತ ತಿಳಿ. ಇಳಿ."

ಅಳಿಯ ಇಳಿದ.

ಸಾಹುಕಾರ ವೈರು ಮತ್ತೆ ಚುಚ್ಚಿದ. ಡಬ್ಬಿ ಎದ್ದಿತು, ಹಸಿರು ದೀಪ ಹತ್ತಿತು, ಬೀಗರು ತಲೆದೂಗಿದರು. ಆದರೆ ಯಾರನ್ನು ಅರ್ಧಕ್ಕೆ ಬಿಟ್ಟಿದ್ದೆ ಅನ್ನೋ ನೆನಪು ಅದಕ್ಕಿಲ್ಲ. ಎದ್ದ ಕೂಡಲೇ ಟಾಕಿ ನೋಡಿತು, ಖಾಲಿ ಇರೋದು ಕಂಡಿತು. ಖಾಲಿ ಇದ್ದರೆ ತುಂಬಿಸಬೇಕು, ಅದರ ಕೆಲಸ ಅದು. ಪಂಪು ಶುರು ಮಾಡಿತು, ಅರ್ಧ ತೆರೆದ ವಾಲ್ವಿನಿಂದ ನೀರು ಒಳಗೆ ನುಗ್ಗಿತು.

ಆಗ ಸಾಹುಕಾರನ ಫೋನು ಹೊಡಕೊಂಡಿತು. ಟಾಕಿ ತೊಳೆಯೋ ಮಾವ. "ಸಾವುಕಾರ್ರ, ಟಾಕ್ಯಾಗ..." ಅಂದ. ಬೀಗರು ಎದುರಿಗೆ ನಿಂತಿದ್ದಾರೆ. ಸಾಹುಕಾರ ಟಕ್ ಅಂತ ಕಟ್ ಮಾಡಿದ. ಕೈಯಿಂದ ತಿರುಗಿಸಿ ನೀರು ನಿಲ್ಲಿಸೋ ಗಾಲಿ ಎಲ್ಲಿತ್ತು ಗೊತ್ತಾ? ಅವನ ಮೊಣಕೈ ಪಕ್ಕದಲ್ಲೇ ಇತ್ತು. ಬೀಗರನ್ನು ಕರಕೊಂಡು ಅವನು ಆಫೀಸಿಗೆ ನಡೆದ.

ಆಫೀಸಿನಲ್ಲಿ ಚಹಾ ಬಂತು, ಚೂಡಾ ಬಂತು. ಬೀಗರು ಲಗ್ನದ ಮಾತು ತೆಗೆದರು. ಸಾಹುಕಾರನಿಗೆ ಕಿವಿ ಅಲ್ಲಿಲ್ಲ. ಟಾಕ್ಯಾಗ ಅಂದನಲ್ಲ, ಟಾಕ್ಯಾಗ ಏನು? ಪಾಚಿನಾ? ಹಾವು ಬಿತ್ತಾ? ಇವತ್ತು ತೊಳೆಯೋಕೆ ಇಳಿಯೋ ದಿನಾ? ಅವನ ದನಿ ಯಾಕೆ ಹಾಗಿತ್ತು? ಜೀವಮಾನದಲ್ಲಿ ಮೊದಲ ಸಲ, ಕಟ್ ಮಾಡಿದ ಫೋನಿಗೆ ತಾನೇ ತಿರುಗಿ ಫೋನು ಮಾಡಿದ. ರಿಂಗಾಯ್ತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಚಹಾ ಬಿಟ್ಟು, ಬೀಗರನ್ನು ಬಿಟ್ಟು, ಚಪ್ಪಲಿ ಬಿಟ್ಟು ಹಿಂದುಗಡೆ ಓಡಿದ.

ಯಾಕೆ ಎತ್ತಲಿಲ್ಲ? ಆ ಮಾವನ ಎರಡೂ ಕೈಯಲ್ಲಿ ಹಗ್ಗ ಇತ್ತು ನೋಡ್ರಪ್ಪಾ. ಪೈಪಿನ ನೀರು ಏಣಿ ಮೇಲೇ ಬೀಳ್ತಾ ಇತ್ತು. ಹತ್ತೋಕೆ ಹೋದ ಅಳಿಯ ಜಾರಿ ಬಿದ್ದು ತಲೆಗೆ ಪೆಟ್ಟು ತಿಂದಿದ್ದ. ಕೆಳಗೆ ನೀರು ಏರ್ತಾ ಇದೆ, ಮೇಲೆ ಒಬ್ಬನೇ ಮುದುಕ ಎಳೀತಾ ಇದ್ದಾನೆ.

ಸಾಹುಕಾರ ಹೋಗೋ ಹೊತ್ತಿಗೆ ಅಳಿಯ ಟಾಕಿ ದಂಡೆ ಮೇಲೆ ಬೋರಲಾಗಿ ಬಿದ್ದು ಕೆಮ್ಮುತ್ತಾ ಇದ್ದ. ಜೀವ ಇತ್ತು. ಮಾವನ ಅಂಗೈ ಸುಲಿದು ರಕ್ತ ಇಳೀತಾ ಇತ್ತು. ಟಾಕಿಯೊಳಗೆ ನೀರು ಇನ್ನೂ ಬೀಳ್ತಾನೇ ಇತ್ತು. ಮುದುಕ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅರ್ಧಕ್ಕೆ ನಿಂತ ಮಾತು ಮುಗಿಸಿದ, ಅಷ್ಟೇ.

"ಟಾಕ್ಯಾಗ ನನ್ನ ಮಗಳ ಗಂಡ ಅದಾನ, ಗಾಲಿ ತಿರುವ್ರಿ ಅನ್ನಾಕ ಮಾಡಿದ್ನ್ರಿ ಫೋನು."

ಸಾಹುಕಾರ ಗಾಲಿ ತಿರುಗಿಸೋಕೆ ಬರಿಗಾಲಲ್ಲೇ ಪಂಪಿನ ಮನೆಗೆ ಓಡಿದ.

ಈಗ ಹೇಳಿ, ತಪ್ಪು ಡಬ್ಬಿದಾ? ಇಲ್ಲಿ ಕೂತವರಲ್ಲಿ ಸಾಹುಕಾರ ಯಾರೂ ಇಲ್ಲವಾ? ಎಲ್ಲರೂ ಪಕ್ಕದವರ ಮುಖ ನೋಡ್ತಾ ಇದ್ದೀರಿ! ಅವ್ವ "ಮಗಾ, ನಂದೊಂದು ಮಾತಿತ್ತು" ಅಂದಾಗ "ಆಮೇಲೆ ಮಾಡ್ತೀನಿ" ಅಂತ ಇಟ್ಟವರು ನೀವಲ್ಲವಾ? ತಮ್ಮನ ಜೊತೆ ಜಗಳ ಅರ್ಧ ಆದಾಗ ಎದ್ದು ಬಂದು, ಅವನು ಒಪ್ಪಿಕೊಂಡ ಅಂತ ನೀವು, ನೀವು ಒಪ್ಪಿಕೊಂಡಿರಿ ಅಂತ ಅವನು, ಹಾಗೇ ಕಾಲ ಕಳೀತಾ ಇಲ್ಲವಾ? ಸಿಟ್ಟು ಬಂತು ಅಂತ ಮೊಬೈಲ್ ಆರಿಸಿ ಮಲಗ್ತೀರಿ. ಬೆಳಗ್ಗೆ ಎದ್ದಾಗ ನಿಮಗೆ ಹಸಿರು ದೀಪ. ಟಾಕಿಯೊಳಗೆ ಯಾರಿದ್ದಾರೆ ಅಂತ ನೋಡಿದಿರಾ?

ನನಗೆ ಹೆದರಿಕೆ ಆಗೋದು ಇಲ್ಲೇ. ನಮ್ಮ ವೈರು ನಮ್ಮ ಕೈಯಲ್ಲಿಲ್ಲ. ಅದನ್ನು ಕೀಳೋ ಮೇಲಿನವನು ಮೊದಲೇ ಹೇಳಿ ಕೀಳೋದಿಲ್ಲ. ಆವಾಗ ಎಷ್ಟು ಜನ ಬೆಳ್ಳನೆ ಪುಟ ನೋಡ್ತಾ ಕೂರಬೇಕು?

ಎಲ್ಲರಿಗೂ ಯಾವಾಗಲೂ ಬಾಗಿಲು ತೆರೆದಿಡಿ ಅಂತ ನಾನು ಹೇಳ್ತಾ ಇಲ್ಲ. ದಣಿವಾದರೆ ಮುಚ್ಚಿ. ಕೆಲಸ ಬಿಡ್ತೀರಾ, ಬಿಡಿ. ಮನೆ ಬೇರೆ ಆಗ್ತೀರಾ, ಆಗಿ. ಆದರೆ ಮುಚ್ಚುತ್ತೀನಿ ಅಂತ ಹೇಳಿ ಮುಚ್ಚಿ. ಮಾತಿನ ಮಧ್ಯೆ ಇದ್ದವರಿಗೆ ಆಯ್ತು ಅಂತಲೋ ಆಗೋದಿಲ್ಲ ಅಂತಲೋ ಒಂದು ಉತ್ತರ ಕೊಡಿ. ಆಗೋದಿಲ್ಲ ಅಂದುಬಿಟ್ಟರೆ ಅವರು ಟಾಕಿಗೆ ಇಳಿಯೋದಾದರೂ ತಪ್ಪುತ್ತೆ.

ಇಷ್ಟು ಹೊತ್ತು ಕೇಳ್ತಾ ಕೇಳ್ತಾ ನಿಮಗೆ ಯಾರದೋ ಒಂದು ಮುಖ ನೆನಪಾಗಿದೆ. ನನಗೆ ಗೊತ್ತು. ಮಂಗಳಾರತಿ ಆಮೇಲೆ ಆಗಲಿ. ಎದ್ದು ಹೊರಗೆ ಹೋಗಿ ಅವರಿಗೆ ಫೋನು ಮಾಡಿ. "ಅವತ್ತು ನೀ ಏನೋ ಹೇಳ್ತಿದ್ದಿ, ಪೂರ್ತಿ ಹೇಳು" ಅನ್ನಿ. ಆಮೇಲೆ ಸುಮ್ಮನಿರಿ, ಅವರು ಮುಗಿಸಲಿ. ನೀವೆಲ್ಲ ತಿರುಗಿ ಬರೋ ತನಕ ಇಲ್ಲಿನ ದೀಪ ಆರಿಸಬೇಡಿ ಅಂತ ಹೇಳಿದ್ದೀನಿ, ನಾನು ಕೂತಿರ್ತೀನಿ.