ಗೌನಿನ ಚುಂಗು

ವೇದಿಕೆಯ ಮೇಲಿರುವ ವಕೀಲರ ಸಂಘದ ಅಧ್ಯಕ್ಷರೇ, ಹಿರಿಯ ನ್ಯಾಯಾಧೀಶರೇ, ಸೋಮವಾರದಿಂದ ನ್ಯಾಯಾಧೀಶೆಯಾಗಲಿರುವ, ಇವತ್ತಿನ ಮಟ್ಟಿಗೆ ಇನ್ನೂ ನನ್ನ ಮಾತು ಕೇಳಲೇಬೇಕಾದ ನನ್ನ ತಂಗಿಯೇ, ನಾಳೆ ನನ್ನ ಎದುರು ನಿಲ್ಲಲಿರುವ ವಕೀಲ ಮಿತ್ರರೇ, ನನ್ನ ಕಕ್ಷಿದಾರರೇ, ಸಭಿಕರೇ,

ಸ್ವಾಗತ ಕೋರಿದ ಕಾರ್ಯದರ್ಶಿಗಳು ನನ್ನ ಏಕಾಗ್ರತೆಯನ್ನು ಬಾಯ್ತುಂಬ ಹೊಗಳಿದರು. ತಪ್ಪು ಹೇಳಿಕೆ ದಾಖಲೆಗೆ ಹೋಗುವುದನ್ನು ನೋಡಿಕೊಂಡು ಸುಮ್ಮನಿರುವುದು ವಕೀಲರಿಗೆ ಶೋಭೆಯೇ? ನನಗೆ ಎಡಿಎಚ್‌ಡಿ ಇದೆ. ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ನಿಂತರೆ ಅಲ್ಲಿಂದ ಕದಲುವುದಿಲ್ಲ. ಕಕ್ಷಿದಾರರು ಗಾಬರಿಯಾಗಬೇಡಿ, ನಿಮ್ಮ ಮೊಕದ್ದಮೆಗಳನ್ನು ಇದೇ ತಲೆ ಗೆದ್ದುಕೊಟ್ಟಿದೆ. ವೈದ್ಯರು ಇದಕ್ಕೊಂದು ಹೆಸರು ಕೊಟ್ಟಾಗ ನನಗೆ ನಲವತ್ತು ದಾಟಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಇದರ ಹೆಸರು ಉಡಾಫೆ. ಸಿಟ್ಟು ಬಂದಾಗ ಅಪ್ಪ ಇಟ್ಟ ಇನ್ನೊಂದು ಹೆಸರು ಸಭೆಗೆ ಬೇಡ. ಮಾತ್ರೆ ತೆಗೆದುಕೊಳ್ಳುತ್ತೇನೆ, ಎಲ್ಲಿಟ್ಟಿದ್ದೇನೆಂದು ನೆನಪಾದ ದಿನ.

ಹಾಗಾದರೆ ಇಷ್ಟು ವರ್ಷ ವಾದ ಮಾಡಿದ್ದು ಹೇಗೆ? ಕೋರ್ಟಿನಲ್ಲಿ ನನ್ನ ಹಿಂದಿನ ಕುರ್ಚಿಯಲ್ಲಿ ನನ್ನ ಜೂನಿಯರ್ ಆಗಿ ತಂಗಿ ಕೂರುತ್ತಿದ್ದಳು. ನಾನು ವಿಷಯ ಬಿಟ್ಟು ಎಲ್ಲೋ ಹೋದರೆ ಗೌನಿನ ಚುಂಗನ್ನು ಒಮ್ಮೆ ಎಳೆಯುತ್ತಿದ್ದಳು. ಎರಡು ಸಲ ಎಳೆದರೆ, ‘ಗೆದ್ದಾಯ್ತು, ಕೂತ್ಕೋ’ ಎಂದರ್ಥ. ಒಮ್ಮೆ ಗೋಡೆ ಕುಸಿದ ಮೊಕದ್ದಮೆಯಲ್ಲಿ ನಾನು ಗಾರೆಯ ಚರಿತ್ರೆಗೇ ಇಳಿದುಬಿಟ್ಟೆ. ಅವಳು ಎಳೆದ ರಭಸಕ್ಕೆ ಗೌನಿನ ಹೊಲಿಗೆ ಬಿಟ್ಟಿತು. ನ್ಯಾಯಾಧೀಶರು, ‘ಮೇಡಂ, ಏನೋ ಹರಿದ ಹಾಗೆ ಕೇಳಿಸ್ತು, ನಿಮ್ಮ ವಾದ ತಾನೆ?’ ಅಂದರು. ಅಂದ ಹಾಗೆ, ಸುಣ್ಣದ ಗಾರೆಯ ಕಥೆಯೇ ಬೇರೆ. ಆಗೆಲ್ಲ ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಅದಕ್ಕೆ ಮರಳು… ಇರಲಿ.

ಇವತ್ತು ಬೆಳಿಗ್ಗೆ ಕಾರಿನಲ್ಲಿ ತಂಗಿ ಹೇಳಿದಳು: ‘ಅಕ್ಕಾ, ನಾನಿಲ್ದೆ ನಿಂಗೆ ಕಷ್ಟ ಆಗತ್ತೆ. ಈಗ್ಲೂ ಈ ಹುದ್ದೆ ಬೇಡ ಅಂದ್ಬಿಡ್ತೀನಿ.’ ನಾನು ಕಿಟಕಿಯಾಚೆ ನೋಡುತ್ತ ಕೂತೆ. ಎಂದಿನಂತೆ ನನ್ನ ಗಮನ ಎಲ್ಲೋ ಹೋಯಿತು ಅಂದುಕೊಂಡಳು. ಹೋಗಿರಲಿಲ್ಲ. ಭಯವಾಗಿತ್ತು. ಒಂದು ಗಳಿಗೆ, ಬರೀ ಒಂದು ಗಳಿಗೆ, ‘ಹೂಂ, ಅಂದ್ಬಿಡು’ ಅನ್ನೋಣ ಎನ್ನಿಸಿತ್ತು. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು. ತಾನೇ ಎದ್ದು ನಿಂತು ವಾದ ಮಾಡಬಹುದಾಗಿದ್ದ ಎಷ್ಟು ದಿನಗಳನ್ನು ಇವಳು ನನ್ನ ಬಟ್ಟೆ ಹಿಡಿದುಕೊಂಡು ಕಳೆದಳೋ.

ಸಮಾರಂಭಕ್ಕೂ ಗೌನು ತೊಟ್ಟೇ ಬಂದಿದ್ದು ನೋಡಿ, ಬಿಚ್ಚಲು ಮರೆತಿದ್ದಾಳೆಂದು ಕೆಲವರು ನಕ್ಕಿರಿ. ಮರೆತಿಲ್ಲ. ಬೇಕೆಂದೇ ತೊಟ್ಟು, ತಂಗಿಯ ಕುರ್ಚಿಯನ್ನು ನನ್ನ ಹಿಂದೆಯೇ ಹಾಕಿಸಿದ್ದೇನೆ. ಚುಂಗು ಅವಳ ಕೈಗೆ ಎಟಕುವಂತೆಯೇ ನಿಂತಿದ್ದೇನೆ. ಸುಣ್ಣದ ಕಥೆ ಶುರುವಾದಾಗ ಅವಳ ಕೈ ಮುಂದೆ ಬಂದದ್ದು ನಿಮಗೆಲ್ಲ ಕಂಡಿರಬೇಕು. ಆದರೆ ಅವಳು ಎಳೆಯುವ ಮೊದಲೇ ನಾನು ವಾಪಸು ಬಂದೆ, ಬರಲಿಲ್ಲವೇ?

ಸೋಮವಾರ ಧೈರ್ಯವಾಗಿ ಹೋಗಿ ಪ್ರಮಾಣವಚನ ತಗೋ ಪುಟ್ಟಿ. ಸಂಘಕ್ಕೂ ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ ನನ್ನ ಕೃತಜ್ಞತೆ. ಹೇಳುವುದು ಇನ್ನೂ ಬಹಳ ಇದೆ, ಹಿಂದಿನಿಂದ ಯಾರೂ ಎಳೆದಿಲ್ಲ. ನಾನೇ ಕೂರುತ್ತಿದ್ದೇನೆ. ನಮಸ್ಕಾರ.